ಇಂಜಿನ್ ತಿರುಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ: ಏನು ಮಾಡಬೇಕು?



ಮುಂಜಾನೆ ಎದ್ದು ಹಾಲು ಕರೆದಿದ್ದೀರಿ. ಸೋಸಿ ಕ್ಯಾನಿಗೆ ತುಂಬಿ, ಕ್ಯಾನನ್ನು ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಕಟ್ಟಿದ್ದೀರಿ. ಅತ್ತ ಸಂಘದಲ್ಲಿ ಹಾಲು ಅಳೆಯಲು ಪ್ರಾರಂಭವಾಗಿದೆ. ಕೀ ತಿರುಗಿಸಿ ಕಿಕ್ ಹೊಡೆಯುತ್ತೀರಿ. ಇಂಜಿನ್ ತಿರುಗಿದ ಸದ್ದು ಬರುತ್ತದೆ, ಆದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇನ್ನೊಮ್ಮೆ ಹೊಡೆಯುತ್ತೀರಿ, ಮತ್ತೊಮ್ಮೆ ಹೊಡೆಯುತ್ತೀರಿ. ಕಾಲು ಸೋಲುತ್ತದೆ, ಬೆವರು ಇಳಿಯುತ್ತದೆ, ಸಿಟ್ಟು ಬರುತ್ತದೆ. ಕ್ಯಾನಿನಲ್ಲಿರುವ ಹಾಲು ಮಾತ್ರ ಯಾರಿಗೂ ಕಾಯುವುದಿಲ್ಲ.

ಇಂಥ ದಿನ ಗಾಡಿ ಇರುವ ಪ್ರತಿಯೊಂದು ಮನೆಗೂ ಬಂದೇ ಬರುತ್ತದೆ. ಆಗ ನಮ್ಮಲ್ಲಿ ಹೆಚ್ಚಿನವರು ಎರಡು ತಪ್ಪು ಮಾಡುತ್ತೇವೆ. ಒಂದು, ಬ್ಯಾಟರಿ ಇಳಿಯುವವರೆಗೂ ಸೆಲ್ಫ್ ಒತ್ತುತ್ತಲೇ ಇರುತ್ತೇವೆ. ಎರಡು, ಕಾರಣ ತಿಳಿಯದೆ ಕೈಗೆ ಸಿಕ್ಕಿದ ಸ್ಕ್ರೂ ಬಿಚ್ಚುತ್ತೇವೆ. ಗಾಡಿ ಸ್ಟಾರ್ಟ್ ಆಗದಿರಲು ಕಾರಣಗಳು ಬಹಳವಿದ್ದರೂ ಅವುಗಳನ್ನು ಹುಡುಕುವ ದಾರಿ ಒಂದೇ. ಸುಲಭದಿಂದ ಕಷ್ಟಕ್ಕೆ, ಕ್ರಮವಾಗಿ ಹೋಗಬೇಕು. ಆ ಕ್ರಮವನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಹಾಲು, ಆಮೇಲೆ ಗಾಡಿ

ಕರೆದ ಹಾಲಿನಲ್ಲಿ ಹಸುವಿನ ಮೈ ಬಿಸಿಯೇ ಇರುತ್ತದೆ. ಈ ಬಿಸಿಯಲ್ಲಿ ಸೂಕ್ಷ್ಮಾಣುಜೀವಿಗಳು ಅರ್ಧ ಗಂಟೆಗೊಮ್ಮೆ ದ್ವಿಗುಣವಾದರೂ ಸಾಕು, ಮೂರು ಗಂಟೆಯಲ್ಲಿ ಒಂದು ಇದ್ದದ್ದು ಅರವತ್ತನಾಲ್ಕು ಆಗುತ್ತದೆ. ಸಂಘದ ಶೀತಲೀಕರಣ ತೊಟ್ಟಿಯಲ್ಲಿ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸುವುದು ಈ ಬೆಳವಣಿಗೆಯನ್ನು ತಡೆಯಲೆಂದೇ. ಹಾಲು ತೊಟ್ಟಿ ಸೇರುವುದು ತಡವಾದಷ್ಟೂ ಹುಳಿಯಾಗುವ ಅಪಾಯ ಹೆಚ್ಚು. ನಿಮ್ಮ ಒಂದು ಕ್ಯಾನಿನ ಹುಳಿ ಹಾಲು ಸಂಘದ ತೊಟ್ಟಿಗೆ ಸೇರಿದರೆ ಊರಿನವರೆಲ್ಲರ ಹಾಲೂ ಕೆಡಬಹುದು.

ಆದ್ದರಿಂದ ಒಂದು ನಿಯಮ ಮಾಡಿಕೊಳ್ಳಿ. ಗಾಡಿಗೆ ಹತ್ತು ನಿಮಿಷ ಮಾತ್ರ ಕೊಡಿ. ಅಷ್ಟರಲ್ಲಿ ಸ್ಟಾರ್ಟ್ ಆಗದಿದ್ದರೆ ಕ್ಯಾನು ಬಿಚ್ಚಿ, ಪಕ್ಕದ ಮನೆಯವರ ಗಾಡಿಯಲ್ಲೋ ಸೈಕಲ್ಲಿನಲ್ಲೋ ಹಾಲನ್ನು ಸಂಘಕ್ಕೆ ಕಳಿಸಿಬಿಡಿ. ಅಲ್ಲಿಯವರೆಗೆ ಕ್ಯಾನನ್ನು ನೆರಳಿನಲ್ಲಿಡಿ, ಒದ್ದೆ ಗೋಣಿಚೀಲ ಸುತ್ತಿ. ತಣ್ಣೀರಿನ ತೊಟ್ಟಿಯಿದ್ದರೆ ಕ್ಯಾನಿನ ಕತ್ತಿನವರೆಗೆ ಮುಳುಗಿಸಿಡಿ. ಹಾಲಿನೊಳಕ್ಕೆ ಮಾತ್ರ ನೀರು, ಮಂಜುಗಡ್ಡೆ ಯಾವುದನ್ನೂ ಹಾಕಬಾರದು.

ಇನ್ನೊಂದು ಮಾತು. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಪೆಟ್ರೋಲ್ ಮುಟ್ಟಿದ ಕೈಯಲ್ಲಿ ಕ್ಯಾನಿನ ಮುಚ್ಚಳ ತೆಗೆಯಬೇಡಿ, ಕೆಚ್ಚಲು ಮುಟ್ಟಬೇಡಿ. ಗಾಡಿಗೆ ಕೈ ಹಾಕುವ ಮೊದಲು ಕ್ಯಾನನ್ನು ದೂರವಿಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಇಂಜಿನ್ ಕೇಳುವುದು ನಾಲ್ಕೇ

ಹಸು ಹಾಲು ಕಡಿಮೆ ಮಾಡಿದರೆ ಪಶುವೈದ್ಯರು ಬಂದ ಕೂಡಲೇ ಸೂಜಿ ಚುಚ್ಚುವುದಿಲ್ಲ. ಮೇವು ತಿಂದಿತೇ, ನೀರು ಕುಡಿಯಿತೇ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ ಎಂದು ಒಂದೊಂದಾಗಿ ಕೇಳುತ್ತಾರೆ. ಇಂಜಿನ್ನನ್ನೂ ಹಾಗೆಯೇ ವಿಚಾರಿಸಬೇಕು. ಅದಕ್ಕೆ ಬೇಕಾದದ್ದು ನಾಲ್ಕು:

1. ಪೆಟ್ರೋಲ್
2. ಗಾಳಿ
3. ಕಿಡಿ
4. ಒತ್ತಡ, ಅಂದರೆ ಮೆಕ್ಯಾನಿಕ್‌ಗಳು ಹೇಳುವ ಕಂಪ್ರೆಷನ್

ಪಿಸ್ಟನ್ ಕೆಳಗಿಳಿದಾಗ ಪೆಟ್ರೋಲ್ ಬೆರೆತ ಗಾಳಿ ಸಿಲಿಂಡರಿನ ಒಳಕ್ಕೆ ಬರುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14 ಪಾಲು ಗಾಳಿ ಬೇಕು. ಪಿಸ್ಟನ್ ಮೇಲೇರಿದಾಗ ಈ ಮಿಶ್ರಣ ಒತ್ತಿ ಹಿಡಿಯಲ್ಪಡುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಮಿಶ್ರಣ ಹೊತ್ತಿ ಉರಿದು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಉರಿದ ಹೊಗೆ ಸೈಲೆನ್ಸರ್ ಮೂಲಕ ಹೊರಬೀಳುತ್ತದೆ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಇಂಜಿನ್ ಬರೀ ತಿರುಗುತ್ತದೆ, ಉರಿಯುವುದಿಲ್ಲ.

ಸೆಲ್ಫ್ ಒತ್ತಿದಾಗ ಇಂಜಿನ್ ಎಂದಿನ ವೇಗದಲ್ಲಿ ತಿರುಗುತ್ತಿದ್ದರೆ ಸೆಲ್ಫ್ ಮೋಟಾರು ಸರಿಯಾಗಿದೆ ಎಂದು ತಿಳಿಯಿರಿ. ಆದರೆ ಎಳೆದೆಳೆದು ನಿಧಾನವಾಗಿ ತಿರುಗುತ್ತಿದ್ದರೆ ಬ್ಯಾಟರಿ ಸೋತಿದೆ. ಸೋತ ಬ್ಯಾಟರಿ ತನ್ನ ಶಕ್ತಿಯನ್ನೆಲ್ಲ ಮೋಟಾರಿಗೇ ಕೊಟ್ಟು, ಕಿಡಿಗೂ ಪೆಟ್ರೋಲ್ ಪಂಪಿಗೂ ಉಳಿಸುವುದಿಲ್ಲ. ಆಗ ಸೆಲ್ಫ್ ಬಿಟ್ಟು ಕಿಕ್ ಬಳಸಿ. ಚಾರ್ಜ್ ಇರುವ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.5 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಬೇಕು.

ಒಂದು ನಿಮಿಷದ ತಪಾಸಣೆ

ಸ್ಪ್ಯಾನರ್ ಹುಡುಕುವ ಮೊದಲು ಇವುಗಳನ್ನು ನೋಡಿ. ಎಷ್ಟೋ ಗಾಡಿಗಳು ಇಷ್ಟರಲ್ಲೇ ಸ್ಟಾರ್ಟ್ ಆಗುತ್ತವೆ.

* ಹ್ಯಾಂಡಲಿನ ಬಲಗಡೆ ಇರುವ ಕೆಂಪು ಸ್ವಿಚ್ಚು ಆಫ್ ಆಗಿದೆಯೇ? ಗಾಡಿಯ ಮೇಲೆ ಕುಳಿತು ಆಡುವ ಮಕ್ಕಳ ಕೈ ಮೊದಲು ಹೋಗುವುದು ಅಲ್ಲಿಗೇ.
* ಸೈಡ್ ಸ್ಟ್ಯಾಂಡ್ ಮೇಲಕ್ಕೆ ಮಡಚಿದೆಯೇ? ಗಾಡಿ ನ್ಯೂಟ್ರಲ್‌ನಲ್ಲಿದೆಯೇ? ಈಚಿನ ಹಲವು ಗಾಡಿಗಳು ಸ್ಟ್ಯಾಂಡ್ ಇಳಿದಿದ್ದರೆ ಸ್ಟಾರ್ಟ್ ಆಗುವುದಿಲ್ಲ.
* ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ಮುಳ್ಳನ್ನು ನಂಬಬೇಡಿ. ಮುಚ್ಚಳ ತೆಗೆದು ಗಾಡಿಯನ್ನು ಅಲ್ಲಾಡಿಸಿ ಸದ್ದು ಕೇಳಿ. ಕತ್ತಲಿದ್ದರೆ ಟಾರ್ಚ್ ಬಳಸಿ. ಬೆಂಕಿಕಡ್ಡಿ ಗೀರಿ ಟ್ಯಾಂಕ್ ನೋಡುವುದು ಸಾವನ್ನು ಕರೆದಂತೆ.
* ಪೆಟ್ರೋಲ್ ಕಾಕ್ ಇರುವ ಗಾಡಿಯಾದರೆ ಅದು ಆಫ್ ಆಗಿದೆಯೇ? ರಿಸರ್ವ್‌ಗೆ ತಿರುಗಿಸಿ ಅರ್ಧ ನಿಮಿಷ ಬಿಟ್ಟು ಕಿಕ್ ಹೊಡೆಯಿರಿ.
* ಚಳಿಯ ಮುಂಜಾನೆಯಾದರೆ ಚೋಕ್ ಎಳೆದಿದ್ದೀರಾ? ಇಂಜಿನ್ ಬಿಸಿಯಿದ್ದರೆ ಚೋಕ್ ಬೇಡ.
* ಕ್ಯಾನಿನ ಭಾರಕ್ಕೆ ಗಾಡಿ ಕೆಸರಿನಲ್ಲಿ ಬಿದ್ದಿತ್ತೇ? ಈಚಿನ ಕೆಲವು ಗಾಡಿಗಳಲ್ಲಿ, ಬಿದ್ದ ಕೂಡಲೇ ಇಂಜಿನ್ ನಿಲ್ಲಿಸುವ ಸಾಧನವಿದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ, ಸ್ವಲ್ಪ ತಡೆದು ಮತ್ತೆ ಆನ್ ಮಾಡಿ.

ಈ ಸಾಲುಗಳನ್ನು ಬರೆಯುತ್ತಿರುವವನೂ ಒಮ್ಮೆ ಗಾಡಿಯನ್ನು ಎರಡು ಕಿಲೋಮೀಟರ್ ತಳ್ಳಿಕೊಂಡು ಹೋಗಿದ್ದುಂಟು. ಮೆಕ್ಯಾನಿಕ್ ಮಾತನಾಡದೆ ಕೆಂಪು ಸ್ವಿಚ್ಚು ಒತ್ತಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿದ. ಹಣ ಕೇಳಲಿಲ್ಲ, ನಕ್ಕ ಅಷ್ಟೇ. ಆ ದಿನದಿಂದ ಮೊದಲು ನೋಡುವುದು ಆ ಸ್ವಿಚ್ಚನ್ನೇ.

ನಿಮ್ಮ ಗಾಡಿ ಯಾವ ಜಾತಿಯದು?

ಮುಂದಿನ ಹೆಜ್ಜೆಗೆ ಹೋಗುವ ಮೊದಲು ಇದನ್ನು ತಿಳಿದಿರಬೇಕು. ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಕಾರ್ಬುರೇಟರ್ ಗಾಡಿಗಳು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿ.ಎಸ್. 6 ಹೊಗೆ ನಿಯಮ ಜಾರಿಯಾಯಿತು. ಅಲ್ಲಿಂದ ಈಚೆಗೆ ಬಂದ ಪೆಟ್ರೋಲ್ ದ್ವಿಚಕ್ರ ವಾಹನಗಳಲ್ಲಿ ಬಹುಪಾಲು ಎಫ್.ಐ., ಅಂದರೆ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳು.

ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ತಾನಾಗಿಯೇ ಇಳಿದು ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಕಾಕ್ ಮತ್ತು ಚೋಕ್ ಇರುತ್ತವೆ. ಎಫ್.ಐ. ಗಾಡಿಯಲ್ಲಿ ಟ್ಯಾಂಕಿನೊಳಗಿನ ಚಿಕ್ಕ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಡದಿಂದ ಕಳಿಸುತ್ತದೆ. ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ನಿರ್ಧರಿಸುತ್ತದೆ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪವಿರುತ್ತದೆ. ಕೀ ಹಾಕಿದಾಗ ಅದು ಹೊತ್ತಿ, ಗಾಡಿ ಸ್ಟಾರ್ಟ್ ಆದ ಮೇಲೆ ಆರಬೇಕು. ಆರದೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಆ ಪೆಟ್ಟಿಗೆ ಒಂದು ದೋಷವನ್ನು ಗುರುತಿಸಿದೆ ಎಂದರ್ಥ. ಅದನ್ನು ಓದುವ ಉಪಕರಣ ಮೆಕ್ಯಾನಿಕ್ ಹತ್ತಿರ ಇರುತ್ತದೆ.

ಪ್ಲಗ್ ಒದ್ದೆಯೋ, ಒಣಗಿದೆಯೋ?

ಈ ಪಾಠದ ಮುಖ್ಯ ಭಾಗ ಇದೇ. ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ.

ಮೊದಲು ಗಾಡಿಯನ್ನು ಕೊಟ್ಟಿಗೆಯಿಂದ, ಹುಲ್ಲಿನ ಬಣವೆಯಿಂದ, ಒಲೆಯಿಂದ ದೂರ ಬಯಲಿಗೆ ತನ್ನಿ. ಬೀಡಿ ಸಿಗರೇಟು ಆರಿಸಿ. ಐದಾರು ಕಿಕ್ ಹೊಡೆದು ಕೀ ಆಫ್ ಮಾಡಿ. ಇಂಜಿನ್ ಬಿಸಿಯಿದ್ದರೆ ಆರಲು ಬಿಡಿ. ಬಿಸಿಯಲ್ಲಿ ಬಿಚ್ಚಿದರೆ ಕೈ ಸುಡುತ್ತದೆ, ಮರೆಯೂ ಕೆಡಬಹುದು. ಪ್ಲಗ್ಗಿನ ಟೋಪಿಯನ್ನು ವೈರು ಹಿಡಿದು ಎಳೆಯದೆ ಟೋಪಿಯನ್ನೇ ಹಿಡಿದು ತೆಗೆಯಿರಿ. ಸುತ್ತಲಿನ ಮಣ್ಣು ಒರೆಸಿ, ಗಾಡಿಯ ಜೊತೆ ಬಂದ ಪ್ಲಗ್ ಸ್ಪ್ಯಾನರಿನಿಂದ ಬಿಚ್ಚಿ. ಈಗ ತುದಿಯನ್ನು ನೋಡಿ, ಮೂಸಿ ನೋಡಿ.

* ತುದಿ ಒಣಗಿದೆ, ಪೆಟ್ರೋಲ್ ವಾಸನೆಯೇ ಇಲ್ಲ: ಪೆಟ್ರೋಲ್ ಬರುತ್ತಿಲ್ಲ.
* ತುದಿ ಒದ್ದೆಯಾಗಿದೆ, ಪೆಟ್ರೋಲ್ ವಾಸನೆ ಘಾಟಾಗಿದೆ: ಪೆಟ್ರೋಲ್ ಬರುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿದೆ.
* ತುದಿಯಲ್ಲಿ ಕಾಡಿಗೆಯಂಥ ಕಪ್ಪು ಮಸಿ ಇದೆ: ಬಹಳ ದಿನಗಳಿಂದ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಏರ್ ಫಿಲ್ಟರ್ ನೋಡಬೇಕು.
* ತುದಿ ಕಾಫಿ ಬಣ್ಣಕ್ಕಿದೆ: ಇದು ಆರೋಗ್ಯದ ಲಕ್ಷಣ.

ಪ್ಲಗ್ ಒಣಗಿದ್ದರೆ

ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಬರುವ ದಾರಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿದೆ. ದೂಳು ತುಂಬಿ ಅದು ಮುಚ್ಚಿಕೊಂಡರೆ, ಬಾಯಿ ಮುಚ್ಚಿದ ಹೂಜಿಯ ನೀರಿನಂತೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ. ಸ್ವಲ್ಪ ದೂರ ಓಡಿ ನಿಂತುಬಿಡುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಬೇಕು. ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿದ ಸದ್ದಾಗಿ ಗಾಡಿ ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು.

ಅನಂತರ ಕಾರ್ಬುರೇಟರ್ ಬಟ್ಟಲಿನ ತಳದಲ್ಲಿರುವ ಡ್ರೈನ್ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿ, ಕೆಳಗೆ ಗಾಜಿನ ಬಾಟಲಿ ಹಿಡಿಯಿರಿ. ಇಂಜಿನ್ ತಣ್ಣಗಿರಬೇಕು. ಧಾರೆಯಾಗಿ ಬಂದರೆ ಪೆಟ್ರೋಲ್ ಅಲ್ಲಿಯವರೆಗೆ ತಲುಪಿದೆ, ಕಸ ಜೆಟ್ಟಿನಲ್ಲಿದೆ. ಅದನ್ನು ಮೆಕ್ಯಾನಿಕ್ ಬಿಚ್ಚಿ ಗಾಳಿ ಹೊಡೆಯಬೇಕು. ತೊಟ್ಟಿಕ್ಕಿ ನಿಂತರೆ ಕಾಕ್ ಅಥವಾ ಪೈಪು ಕಟ್ಟಿದೆ.

ಎಫ್.ಐ. ಗಾಡಿಯಾದರೆ ಕಿವಿ ಬಳಸಿ. ಕೆಂಪು ಸ್ವಿಚ್ಚು ಆನ್ ಇಟ್ಟು ಕೀ ತಿರುಗಿಸಿ. ಟ್ಯಾಂಕಿನೊಳಗಿಂದ ಎರಡು ಮೂರು ಸೆಕೆಂಡು ಜುಂಯ್ ಎಂಬ ಸಣ್ಣ ಸದ್ದು ಬರಬೇಕು. ಅದು ಪಂಪಿನ ಸದ್ದು. ಬಾರದಿದ್ದರೆ ಫ್ಯೂಸು ನೋಡಿ. ಹಾರಿದ್ದರೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕಿ. ತಂತಿ ಸುತ್ತಿ ಫ್ಯೂಸು ಮಾಡಿದರೆ ವೈರಿಂಗ್ ಸುಟ್ಟುಹೋಗುತ್ತದೆ. ಫ್ಯೂಸು ಸರಿಯಿದ್ದೂ ಸದ್ದಿಲ್ಲದಿದ್ದರೆ ಮೆಕ್ಯಾನಿಕ್ ಬರಲಿ. ಎಫ್.ಐ. ಗಾಡಿಯ ಪೆಟ್ರೋಲ್ ಪೈಪನ್ನು ನೀವು ಎಂದೂ ಬಿಚ್ಚಬೇಡಿ. ಒಳಗೆ ಒತ್ತಡವಿರುವುದರಿಂದ ಪೆಟ್ರೋಲ್ ಕಣ್ಣಿಗೆ ಚಿಮ್ಮಬಹುದು, ಬೆಂಕಿ ಹೊತ್ತಬಹುದು.

ಈ ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಪೆಟ್ರೋಲೇ. ಯಾವಾಗಲೂ ತಳ ಕಾಣುವಷ್ಟೇ ಪೆಟ್ರೋಲ್ ಹಾಕಿ ಓಡಿಸಿದರೆ ಪಂಪಿನ ಆಯುಸ್ಸು ಕಡಿಮೆಯಾಗುತ್ತದೆ. ಕಾಲು ಟ್ಯಾಂಕಾದರೂ ಇರಲಿ.

ಪ್ಲಗ್ ಒದ್ದೆಯಾಗಿದ್ದರೆ

ಹಲವು ಬಾರಿ ಕಿಕ್ ಹೊಡೆದ ಮೇಲೆ ಪೆಟ್ರೋಲ್ ತುಂಬಿ ಪ್ಲಗ್ ನೆನೆದಿರುತ್ತದೆ. ಇದನ್ನೇ ಓವರ್ ಫ್ಲೋ ಎನ್ನುವುದು. ಕಾಕ್ ಆಫ್ ಮಾಡಿ, ಕೀ ಆಫ್ ಇಟ್ಟು, ಪ್ಲಗ್ ಇಲ್ಲದೆಯೇ ಎಂಟು ಹತ್ತು ಕಿಕ್ ಹೊಡೆಯಿರಿ. ಒಳಗಿನ ಪೆಟ್ರೋಲ್ ಆವಿಯಾಗಿ ಹೊರಬರುತ್ತದೆ. ಮುಖವನ್ನು ಆ ತೂತಿನ ನೇರಕ್ಕೆ ಹಿಡಿಯಬೇಡಿ. ಐದು ನಿಮಿಷ ಆರಲು ಬಿಡಿ.

ಅಷ್ಟರಲ್ಲಿ ಪ್ಲಗ್ಗನ್ನು ಒಣಬಟ್ಟೆಯಿಂದ ಒರೆಸಿ, ಮಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ತುದಿಯ ಎರಡು ಲೋಹಗಳ ನಡುವಿನ ಅಂತರ ಸಾಮಾನ್ಯವಾಗಿ 0.6ರಿಂದ 0.9 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಗೆ ಎಷ್ಟೆಂಬುದು ಅದರ ಕೈಪಿಡಿಯಲ್ಲಿದೆ. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಅಥವಾ ತುದಿ ಸವೆದಿದ್ದರೆ ಉಜ್ಜಿ ಫಲವಿಲ್ಲ, ಹೊಸದು ಹಾಕಿ.

ಪ್ಲಗ್ಗನ್ನು ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಮರೆ ಹತ್ತಿದ ಮೇಲೆ ಸ್ಪ್ಯಾನರಿನಿಂದ ಹಳೆಯ ಪ್ಲಗ್ಗಿಗೆ ಕಾಲು ಸುತ್ತು, ಹೊಸದಕ್ಕೆ ಅರ್ಧ ಸುತ್ತು ಸಾಕು. ಚೋಕ್ ಇಲ್ಲದೆ, ಆಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಸ್ಟಾರ್ಟ್ ಮಾಡಿ. ಹಲವು ಎಫ್.ಐ. ಗಾಡಿಗಳಲ್ಲಿಯೂ ಹೀಗೆ ಹಿಡಿದಾಗ ಪೆಟ್ರೋಲ್ ನಿಂತು ಬರೀ ಗಾಳಿ ಹೋಗಿ ಒಳಭಾಗ ಆರುತ್ತದೆ. ಹತ್ತಿಕೊಂಡ ಕೂಡಲೇ ಆಕ್ಸಲರೇಟರ್ ಬಿಡಿ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಹೊಸ ಪ್ಲಗ್ ಹಾಕಿ ನೋಡುವುದೇ ಎಲ್ಲಕ್ಕಿಂತ ಸುಲಭವಾದ ಮತ್ತು ಅಪಾಯವಿಲ್ಲದ ಕಿಡಿ ಪರೀಕ್ಷೆ. ಪ್ಲಗ್ಗನ್ನು ಹೊರಗಿಟ್ಟು ಇಂಜಿನ್ನಿಗೆ ತಾಗಿಸಿ ಕಿಡಿ ನೋಡುವ ರೂಢಿ ನಮ್ಮಲ್ಲಿದೆ. ಪೆಟ್ರೋಲ್ ಆವಿ ಸುತ್ತ ಇರುವಾಗ ಇದರಿಂದ ಬೆಂಕಿ ಹತ್ತಬಹುದು. ಎಫ್.ಐ. ಗಾಡಿಯಲ್ಲಿ ಪ್ಲಗ್ ಸರಿಯಾಗಿ ತಾಗದಿದ್ದರೆ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಕೆಡಬಹುದು. ಆ ಪರೀಕ್ಷೆ ಮೆಕ್ಯಾನಿಕ್‌ಗೆ ಬಿಡಿ.

ಹೊಸ ಪ್ಲಗ್ಗಿಗೂ ಜಗ್ಗದಿದ್ದರೆ ಪ್ಲಗ್ ಟೋಪಿ, ಅದರ ವೈರು, ಕಾಯಿಲ್ ಈ ಮೂರನ್ನು ಪರೀಕ್ಷಿಸಬೇಕು. ಟೋಪಿಯೊಳಗೆ ನೀರು ಅಥವಾ ಕಿಲುಬು ಇದೆಯೇ, ವೈರು ಟೋಪಿಯಿಂದ ಸಡಿಲವಾಗಿದೆಯೇ ಎಂದು ಕೀ ಆಫ್ ಮಾಡಿ ನೀವೇ ನೋಡಬಹುದು. ಕಾಯಿಲ್ ಮೆಕ್ಯಾನಿಕ್ ಕೆಲಸ.

ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯ ಕಷ್ಟ

ನಮ್ಮ ಗಾಡಿಗಳು ನಿಲ್ಲುವುದು ಬೂಸಾ ಚೀಲ, ಹಿಂಡಿ, ಒಣಹುಲ್ಲಿನ ಪಕ್ಕದಲ್ಲಿ. ಅವಿದ್ದಲ್ಲಿ ಇಲಿ ಇರುತ್ತದೆ. ಇಲಿಗೆ ಏರ್ ಫಿಲ್ಟರ್ ಡಬ್ಬ ಬೆಚ್ಚನೆಯ ಗೂಡು. ಸೀಟಿನಡಿಯ ವೈರುಗಳನ್ನೂ ಅದು ಕಡಿಯುತ್ತದೆ. ನಿನ್ನೆ ಸಂಜೆ ಚೆನ್ನಾಗಿದ್ದ ಗಾಡಿ ಬೆಳಿಗ್ಗೆ ಸುಮ್ಮನಾಗಿದ್ದರೆ ಸೀಟು ಎತ್ತಿ ನೋಡಿ. ಕಡಿದ ವೈರು, ಹಿಕ್ಕೆ, ಹುಲ್ಲಿನ ಚೂರು ಕಂಡರೆ ಕಳ್ಳ ಸಿಕ್ಕಂತೆ.

ಏರ್ ಫಿಲ್ಟರಿನಲ್ಲಿ ಹೊಟ್ಟು ದೂಳು ತುಂಬಿದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಸ್ಪಂಜಿನ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದಂತೆ ತೊಳೆದು ಒಣಗಿಸಿ ಮತ್ತೆ ಹಾಕಬಹುದು. ಕಾಗದದ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು. ಫಿಲ್ಟರ್ ಇಲ್ಲದೆ ಗಾಡಿ ಓಡಿಸಿದರೆ ದೂಳು ಸಿಲಿಂಡರನ್ನು ಸವೆಸುತ್ತದೆ.

ಹೊಗೆ ಹೊರಹೋಗುವ ದಾರಿಯೂ ತೆರೆದಿರಬೇಕು. ಹಳೆಯ ಟೂ ಸ್ಟ್ರೋಕ್ ಮೊಪೆಡ್‌ಗಳ ಸೈಲೆನ್ಸರಿನಲ್ಲಿ ಮಸಿ ಕಟ್ಟಿಕೊಂಡು ಗಾಡಿ ಏಳದಿರುವುದು ಸಾಮಾನ್ಯ.

ಮಳೆ, ನೀರು ಮತ್ತು ಇಂದಿನ ಪೆಟ್ರೋಲ್

ಮಳೆಯಲ್ಲಿ ನೆನೆದ ಅಥವಾ ನೀರು ಹೊಡೆದು ತೊಳೆದ ಗಾಡಿ ಸ್ಟಾರ್ಟ್ ಆಗದಿದ್ದರೆ ಪ್ಲಗ್ ಟೋಪಿ ತೆಗೆದು ಒಳಗೂ ಹೊರಗೂ ಒರೆಸಿ. ಪ್ಲಗ್ ಕೂರುವ ಗುಳಿಯಲ್ಲಿ ನೀರು ನಿಂತಿದ್ದರೆ ಅದನ್ನೂ ಬಟ್ಟೆಯಿಂದ ಹೀರಿಸಿ. ನೀರಿದ್ದಾಗಲೇ ಪ್ಲಗ್ ಬಿಚ್ಚಿದರೆ ನೀರು ಸಿಲಿಂಡರಿಗೆ ಇಳಿಯುತ್ತದೆ.

ಈಗಿನ ಪೆಟ್ರೋಲಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಎಥನಾಲ್ ಎಂಬುದು ಕಬ್ಬು, ಧಾನ್ಯ ಮುಂತಾದವುಗಳಿಂದ ತಯಾರಾಗುವ ಇಂಧನ. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಈಗ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಟ್ಯಾಂಕಿಗೆ ಒಂದಿಷ್ಟು ನೀರು ಸೇರಿದರೆ ಕರಗಿ ಹೋಗುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಂದಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಇಂಜಿನ್ನಿಗೆ ಹೋಗುವುದು ತಳದ್ದೇ ಆದ್ದರಿಂದ ಗಾಡಿ ಏಳುವುದಿಲ್ಲ.

ಕಾರ್ಬುರೇಟರಿನಿಂದ ಗಾಜಿನ ಬಾಟಲಿಗೆ ಹಿಡಿದದ್ದನ್ನು ಸ್ವಲ್ಪ ಹೊತ್ತು ಅಲುಗಾಡಿಸದೆ ಇಡಿ. ಎರಡು ಪದರವಾಗಿ ನಿಂತರೆ ನೀರು ಸೇರಿದೆ. ಹಾಲಿಗೆ ನೀರು ಸೇರಿದರೆ ಲ್ಯಾಕ್ಟೋಮೀಟರ್ ಹೇಳುತ್ತದೆ, ಪೆಟ್ರೋಲಿಗೆ ಸೇರಿದರೆ ಇಂಜಿನ್ ಹೇಳುತ್ತದೆ! ಟ್ಯಾಂಕನ್ನು ಪೂರ್ತಿ ಬಸಿದು ಹೊಸ ಪೆಟ್ರೋಲ್ ಹಾಕಿಸಬೇಕು. ಬಸಿದದ್ದನ್ನು ಮೇವಿನ ಹೊಲಕ್ಕೋ ದನ ನೀರು ಕುಡಿಯುವ ಕಡೆಗೋ ಚೆಲ್ಲಬೇಡಿ, ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಮೆಕ್ಯಾನಿಕ್‌ಗೆ ಒಪ್ಪಿಸಿ. ಮಳೆಗಾಲದಲ್ಲಿ ಗಾಡಿಯನ್ನು ಸೂರಿನಡಿ ನಿಲ್ಲಿಸಿ, ಟ್ಯಾಂಕಿನ ಮುಚ್ಚಳದ ರಬ್ಬರು ಹರಿದಿದ್ದರೆ ಬದಲಿಸಿ. ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲ್ ಹಳಸುತ್ತದೆ ಎಂಬುದನ್ನೂ ಮರೆಯಬೇಡಿ.

ಒತ್ತಡದ ಪರೀಕ್ಷೆ

ಪೆಟ್ರೋಲ್, ಗಾಳಿ, ಕಿಡಿ ಮೂರೂ ಸರಿಯಿದ್ದರೆ ಉಳಿದದ್ದು ಒತ್ತಡ. ಕೀ ಆಫ್ ಮಾಡಿ ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ. ಸಾಮಾನ್ಯವಾಗಿ ಒಂದು ಕಡೆ ಬಿಗಿಯಾಗಿ ತಡೆದು ಆಮೇಲೆ ಸಡಿಲವಾಗಬೇಕು. ಮೊದಲಿನಿಂದ ಕೊನೆಯವರೆಗೆ ಖಾಲಿ ಖಾಲಿಯಾಗಿ ಹೋದರೆ ಒತ್ತಡ ಸೋರುತ್ತಿದೆ. ಪ್ಲಗ್ ಸಡಿಲವಾಗಿದ್ದರೆ ಬಿಗಿ ಮಾಡಿ. ಅದು ಸರಿಯಿದ್ದರೆ ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಮುಚ್ಚದಿರಬಹುದು, ಪಿಸ್ಟನ್ ರಿಂಗ್ ಸವೆದಿರಬಹುದು. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಮಾಡಬಾರದ ಕೆಲಸಗಳು

1. ಸೆಲ್ಫ್ ಬಟನ್ನನ್ನು ಒಮ್ಮೆಗೆ 5 ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ನಡುವೆ 10 ಸೆಕೆಂಡಾದರೂ ಬಿಡುವು ಕೊಡಿ.
2. ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮನುಷ್ಯರನ್ನೂ ದನಗಳನ್ನೂ ಕೊಲ್ಲುತ್ತದೆ.
3. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಬೇಡಿ.
4. ಬ್ಯಾಟರಿ ಪೂರ್ತಿ ಸತ್ತ ಎಫ್.ಐ. ಗಾಡಿಯನ್ನು ಓಣಿ ತುಂಬ ತಳ್ಳಿ ದಣಿಯಬೇಡಿ. ಪಂಪಿಗೆ ವಿದ್ಯುತ್ ಇಲ್ಲದಿದ್ದರೆ ಅದು ಏಳುವುದು ಕಷ್ಟ.
5. ಕ್ಯಾನು ಕಟ್ಟಿದ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಡಿ. ಎದ್ದ ಕೂಡಲೇ ಮುಗ್ಗರಿಸಿದರೆ ಹಾಲೂ ಹೋಗುತ್ತದೆ, ಮೊಣಕಾಲೂ ಹೋಗುತ್ತದೆ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

ಪಶುವೈದ್ಯರಿಗೆ ಕಂಡದ್ದನ್ನು ಹೇಳುವಂತೆ ಮೆಕ್ಯಾನಿಕ್‌ಗೂ ಕಂಡದ್ದನ್ನೇ ಹೇಳಿ. "ಕಾರ್ಬುರೇಟರ್ ಹೋಗಿದೆ, ಬದಲಾಯಿಸಿ" ಎಂದರೆ ಬದಲಾಯಿಸುತ್ತಾರೆ, ಹಣ ನಿಮ್ಮದು ಹೋಗುತ್ತದೆ. "ನಿನ್ನೆ ಮಳೆಯಲ್ಲಿ ಬಂದೆ. ಬೆಳಿಗ್ಗೆ ಇಂಜಿನ್ ಚೆನ್ನಾಗಿ ತಿರುಗಿತು. ಪ್ಲಗ್ ಒದ್ದೆಯಿತ್ತು, ಹೊಸ ಪ್ಲಗ್ಗಿಗೂ ಏಳಲಿಲ್ಲ" ಎಂದು ಹೇಳಿ. ಇಷ್ಟು ಕೇಳಿದ ಒಳ್ಳೆಯ ಮೆಕ್ಯಾನಿಕ್ ನೇರವಾಗಿ ಟೋಪಿಗೂ ಕಾಯಿಲಿಗೂ ಕೈ ಹಾಕುತ್ತಾನೆ. ನಿಮ್ಮ ಅರ್ಧ ದಿನ ಉಳಿಯುತ್ತದೆ.

ಮುಂಚಿತವಾಗಿ ಮಾಡಿಕೊಳ್ಳಿ

ಒಂದು ಚಿಕ್ಕ ಚೀಲದಲ್ಲಿ ನಿಮ್ಮ ಗಾಡಿಗೆ ಒಪ್ಪುವ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಎರಡು ಫ್ಯೂಸು, ಒಣಬಟ್ಟೆ ಇಟ್ಟು ಗಾಡಿಯಲ್ಲೇ ಇಡಿ. ತಿಂಗಳಿಗೊಮ್ಮೆ ಸೀಟು ಎತ್ತಿ ಇಲಿಯ ಗುರುತು ನೋಡಿ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೆ ಆಯಿಲ್, ಫಿಲ್ಟರ್, ಪ್ಲಗ್ ಬದಲಿಸಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ, ಹಾಲು ಹಾಕಲು ಹೋಗುವ ಹೆಣ್ಣುಮಕ್ಕಳಿಗೂ, ಪ್ಲಗ್ ಬಿಚ್ಚಿ ಹಾಕುವುದನ್ನು ಒಂದು ಭಾನುವಾರ ಬಿಡುವಾಗಿ ಕಲಿಸಿಕೊಡಿ. ಅವಸರದ ಬೆಳಿಗ್ಗೆ ಕಲಿಯುವ ಹೊತ್ತಲ್ಲ. ಪಕ್ಕದ ಮನೆಯವರೊಡನೆ ಮೊದಲೇ ಮಾತಾಡಿಕೊಳ್ಳಿ. ಅವರ ಗಾಡಿ ಕೆಟ್ಟ ದಿನ ಅವರ ಕ್ಯಾನು ನೀವು ಒಯ್ಯಿರಿ, ನಿಮ್ಮದು ಕೆಟ್ಟ ದಿನ ಅವರು ಒಯ್ಯಲಿ. ಸಹಕಾರವೆಂದರೆ ಇದೇ ಅಲ್ಲವೇ?

ನೆನಪಿಡಿ

* ಗಾಡಿಗೆ ಹತ್ತು ನಿಮಿಷ, ಆಮೇಲೆ ಹಾಲು ಬೇರೆ ದಾರಿಯಲ್ಲಿ ಸಂಘಕ್ಕೆ.
* ಮೊದಲು ಕೆಂಪು ಸ್ವಿಚ್ಚು, ಸ್ಟ್ಯಾಂಡ್, ಪೆಟ್ರೋಲ್, ಕಾಕ್, ಚೋಕ್.
* ಪ್ಲಗ್ ಒಣಗಿದ್ದರೆ ಪೆಟ್ರೋಲಿನ ದಾರಿ ಹುಡುಕಿ. ಒದ್ದೆಯಿದ್ದರೆ ಆರಿಸಿ, ಕಿಡಿ ಹುಡುಕಿ.
* ಕಪ್ಪು ಮಸಿಯಿದ್ದರೆ ಏರ್ ಫಿಲ್ಟರ್ ನೋಡಿ. ಕಿಕ್ ಖಾಲಿ ಹೋದರೆ ಮೆಕ್ಯಾನಿಕ್ ಕರೆಯಿರಿ.
* ಪೆಟ್ರೋಲ್ ಕೆಲಸ ಬಯಲಿನಲ್ಲಿ. ಹುಲ್ಲು, ಬೆಂಕಿ, ಹಾಲಿನ ಕ್ಯಾನು ಮೂರೂ ದೂರ.

ಸದಸ್ಯರು ಈ ಪುಟವನ್ನು ಕತ್ತರಿಸಿ, ಗಾಡಿ ನಿಲ್ಲಿಸುವ ಕಡೆ ಗೋಡೆಗೆ ಅಂಟಿಸಿಕೊಂಡರೆ ಒಂದಲ್ಲ ಒಂದು ಬೆಳಿಗ್ಗೆ ಉಪಯೋಗಕ್ಕೆ ಬರುತ್ತದೆ.